ಬೆಲೆಯೂ ಅವರದೇ, ತಾರೀಖೂ ಅವರದೇ: ಭೂಸ್ವಾಧೀನ ಮತ್ತು ಪರಿಹಾರದ ಪ್ರಶ್ನೆ

ಗುಬ್ಬಿ ತಾಲ್ಲೂಕಿಗೆ ಸರ್ಕಾರದ ಯೋಜನೆಗಳು ಹೊಸವಲ್ಲ. ಹೇಮಾವತಿ ನಾಲೆ ಬಂದಿದೆ, ತುಮಕೂರು–ಶಿವಮೊಗ್ಗ ಹೆದ್ದಾರಿ ನಾಲ್ಕು ಪಥಕ್ಕೆ ಅಗಲವಾಗಿದೆ, ಎತ್ತಿನಹೊಳೆಯ ಕಾಲುವೆ ಇದೇ ತಾಲ್ಲೂಕನ್ನು ಹಾದು ಕೊರಟಗೆರೆಯ ಕಡೆಗೆ ಸಾಗಬೇಕಾಗಿದೆ. ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ರಸ್ತೆ, ರೈಲು, ನೀರು ಬೇಡವೆನ್ನುವ ರೈತ ಈ ಸೀಮೆಯಲ್ಲಿ ಅಪರೂಪ. ತಕರಾರು ಎದ್ದಿರುವುದು ಪರಿಹಾರದ ವಿಷಯದಲ್ಲಿ. ಅಲ್ಲಿಯೂ ಸಾರ್ವಜನಿಕ ಚರ್ಚೆ ಒಂದೇ ಮಾತಿಗೆ ಬಂದು ನಿಲ್ಲುತ್ತದೆ: ಎಷ್ಟು ಪಟ್ಟು? ಎರಡು ಪಟ್ಟೋ, ನಾಲ್ಕು ಪಟ್ಟೋ? ಯಾವುದರ ನಾಲ್ಕು ಪಟ್ಟು, ಯಾವ ದಿನದ ಬೆಲೆಯ ನಾಲ್ಕು ಪಟ್ಟು ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ನಮ್ಮ ಭೂಸ್ವಾಧೀನದ ಮೂಲ ಅನ್ಯಾಯ ಇರುವುದು ಅಲ್ಲಿಯೇ ಎಂಬುದು ಈ ಲೇಖನದ ವಾದ. ಬೇರೆಲ್ಲ ವ್ಯಾಪಾರದಲ್ಲಿ ಕೊಳ್ಳುವವನೂ ಕೊಡುವವನೂ ಸೇರಿ ಬೆಲೆ ಕಟ್ಟುತ್ತಾರೆ. ಇಲ್ಲಿ ಮೂಲಬೆಲೆಯನ್ನು ಗೊತ್ತುಮಾಡುವುದು ಕೊಳ್ಳುವ ಸರ್ಕಾರ, ಆ ಬೆಲೆ ಯಾವ ತಾರೀಖಿನದು ಎಂದು ತೀರ್ಮಾನಿಸುವುದೂ ಅದೇ ಸರ್ಕಾರ. ಇವೆರಡು ಅದರ ಕೈಯಲ್ಲಿ ಇರುವ ತನಕ ಎಷ್ಟು ಪಟ್ಟು ಕೊಟ್ಟರೂ ರೈತನಿಗೆ ನ್ಯಾಯ ಸಿಕ್ಕಿತೆಂದು ಹೇಳಲಾಗದು.

ಆಸ್ತಿಯ ಹಕ್ಕು ಇಂದು ಎಲ್ಲಿದೆ ಎಂಬುದನ್ನು ಮೊದಲು ನೋಡಬೇಕು. ಸಂವಿಧಾನ ಜಾರಿಗೆ ಬಂದಾಗ ಅದು ಮೂಲಭೂತ ಹಕ್ಕಾಗಿತ್ತು. ಪರಿಹಾರವೆಂದರೆ ಕಳೆದುಕೊಂಡದ್ದಕ್ಕೆ ನಿಜವಾಗಿ ಸಮನಾದ ಮೊತ್ತವೇ ಆಗಬೇಕೆಂದು 1953ರಲ್ಲಿ ಸುಪ್ರೀಂ ಕೋರ್ಟ್ ಬೇಲಾ ಬ್ಯಾನರ್ಜಿ ಪ್ರಕರಣದಲ್ಲಿ ಹೇಳಿತು. ಜಮೀನ್ದಾರಿ ರದ್ದತಿಗೆ ಇದು ಅಡ್ಡಿಯಾಗುತ್ತದೆಂದು 1955ರಲ್ಲಿ ನಾಲ್ಕನೇ ತಿದ್ದುಪಡಿ ಬಂತು. 1971ರ 25ನೇ ತಿದ್ದುಪಡಿಯಲ್ಲಿ ಪರಿಹಾರ ಎಂಬ ಪದವನ್ನೇ ತೆಗೆದು ಮೊತ್ತ ಎಂದು ಬರೆಯಲಾಯಿತು. ಆ ಹಗ್ಗಜಗ್ಗಾಟದ ತುದಿಯಲ್ಲಿ ನಿಂತದ್ದು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿಯವರು ಕೇರಳದ ಭೂಸುಧಾರಣೆಯನ್ನು ಪ್ರಶ್ನಿಸಿ ಹೂಡಿದ ಕೇಶವಾನಂದ ಭಾರತಿ ಪ್ರಕರಣ. 1973ರ ಏಪ್ರಿಲ್ 24ರ ಆ ತೀರ್ಪು ಸಂವಿಧಾನದ ಮೂಲಸ್ವರೂಪವನ್ನು ಕಾಯ್ದಿತು. ಆಸ್ತಿಯ ಹಕ್ಕನ್ನು ಕಾಯಲಿಲ್ಲ. 1978ರ 44ನೇ ತಿದ್ದುಪಡಿ ಅದನ್ನು ಮೂಲಭೂತ ಹಕ್ಕುಗಳ ಸಾಲಿನಿಂದಲೇ ತೆಗೆದು 300ಎ ವಿಧಿಯ ಒಂದು ವಾಕ್ಯಕ್ಕೆ ಇಳಿಸಿತು: ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ.

ಆ ಒಂದು ವಾಕ್ಯದಲ್ಲಿ ಪರಿಹಾರದ ಮಾತೇ ಇಲ್ಲವಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕರ್ನಾಟಕದ ಪ್ರಕರಣದಲ್ಲಿಯೇ. ದೇವಿಕಾರಾಣಿ ಮತ್ತು ಸ್ವೆಟೊಸ್ಲಾವ್ ರೋರಿಚ್ ದಂಪತಿಯ ತಾತಗುಣಿ ಎಸ್ಟೇಟಿನ ವಿಷಯದಲ್ಲಿ 2011ರಲ್ಲಿ ತೀರ್ಪು ಕೊಟ್ಟ ಸಂವಿಧಾನ ಪೀಠ, ಸಾರ್ವಜನಿಕ ಉದ್ದೇಶ ಇರಲೇಬೇಕು, ಪರಿಹಾರ ಕೇಳುವ ಹಕ್ಕು 300ಎ ವಿಧಿಯ ಒಳಗೇ ಅಡಗಿದೆ ಎಂದಿತು. 2024ರ ಮೇ ತಿಂಗಳಲ್ಲಿ ಕೋಲ್ಕತ್ತಾ ಮಹಾನಗರಪಾಲಿಕೆಯ ಪ್ರಕರಣದಲ್ಲಿ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ನೋಟಿಸು ಪಡೆಯುವುದು, ಆಕ್ಷೇಪಣೆ ಹೇಳಿಕೊಳ್ಳುವುದು, ಕಾರಣ ಸಹಿತ ಆದೇಶ, ಸಾರ್ವಜನಿಕ ಉದ್ದೇಶ, ನ್ಯಾಯವಾದ ಪರಿಹಾರ, ವಿಳಂಬವಿಲ್ಲದ ಪ್ರಕ್ರಿಯೆ, ಕೊನೆಗೆ ಆ ಪ್ರಕ್ರಿಯೆ ಮುಗಿಯುವುದು ಎಂದು ಏಳು ಉಪಹಕ್ಕುಗಳನ್ನು ಬಿಡಿಸಿ ಹೇಳಿತು. ಈ ಏಳರಲ್ಲಿ ಕೊನೆಯ ಎರಡು ಸಮಯಕ್ಕೆ ಸಂಬಂಧಿಸಿದವು ಎಂಬುದು ಗಮನಿಸಬೇಕಾದ ಸಂಗತಿ. ಹಕ್ಕಿನ ಸ್ಥಾನ ಪುಸ್ತಕದಲ್ಲಿ ಇಳಿದರೂ ಅದರ ಒಡಲು ಈಗ ಮೊದಲಿಗಿಂತ ತುಂಬಿಕೊಂಡಿದೆ.

ಇಲ್ಲಿ ಒಂದು ಹಳೆಯ ಆಕ್ಷೇಪಕ್ಕೆ ಉತ್ತರಿಸದೆ ಮುಂದೆ ಹೋಗುವಂತಿಲ್ಲ. ಆಸ್ತಿಯ ಹಕ್ಕು ಉಳ್ಳವರ ಗುರಾಣಿ, ಅದನ್ನು ಬಲಪಡಿಸಿದರೆ ಸಮಾನತೆಗೆ ಪೆಟ್ಟು ಎಂದು ಪ್ರಗತಿಪರರು ಬಹುಕಾಲ ನಂಬಿದ್ದರು. ಜಮೀನ್ದಾರರ ಕಾಲಕ್ಕೆ ಅದು ನಿಜವೂ ಆಗಿತ್ತು. ಆದರೆ ದೇವರಾಜ ಅರಸರ ಸರ್ಕಾರದ 1974ರ ತಿದ್ದುಪಡಿ ಕರ್ನಾಟಕದಲ್ಲಿ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿದ ಮೇಲೆ ಚಿತ್ರವೇ ಬದಲಾಯಿತು. 2015–16ರ ಕೃಷಿ ಗಣತಿಯ ಪ್ರಕಾರ ರಾಜ್ಯದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರೂವರೆ ಎಕರೆಗೂ ಕಡಿಮೆ. ಇಂದು ಕಾಲುವೆಗೋ ಕೈಗಾರಿಕಾ ಪ್ರದೇಶಕ್ಕೋ ಭೂಮಿ ಬಿಟ್ಟುಕೊಡುವವರಲ್ಲಿ ಬಹುಪಾಲು ಇಂಥ ಸಣ್ಣ ಹಿಡುವಳಿದಾರರು. ಭೂಸುಧಾರಣೆಯಿಂದ ನೆಲ ಪಡೆದವರ ಮಕ್ಕಳು ಮೊಮ್ಮಕ್ಕಳೂ ಅವರಲ್ಲಿದ್ದಾರೆ. ಸಂವಿಧಾನ ತಿದ್ದಿದವರಿಗೂ ಈ ವ್ಯತ್ಯಾಸ ಗೊತ್ತಿತ್ತು. 1964ರ 17ನೇ ತಿದ್ದುಪಡಿಯಲ್ಲಿ ಅವರೇ, ಮಿತಿಯೊಳಗಿನ ಸ್ವಂತ ಸಾಗುವಳಿಯ ಭೂಮಿಯನ್ನು ತೆಗೆದುಕೊಂಡರೆ ಮಾರುಕಟ್ಟೆ ಬೆಲೆಗಿಂತ ಕಡಿಮೆ ಕೊಡುವಂತಿಲ್ಲ ಎಂಬ ರಕ್ಷಣೆಯನ್ನು 31ಎ ವಿಧಿಗೆ ಸೇರಿಸಿದರು. ಸಣ್ಣ ರೈತನ ಆಸ್ತಿಯ ಹಕ್ಕನ್ನು ಎತ್ತಿಹಿಡಿಯುವುದು ಭೂಸುಧಾರಣೆಯ ಮುಂದುವರಿಕೆಯೇ ಹೊರತು ಅದಕ್ಕೆ ವಿರೋಧವಲ್ಲ.

ಈಗ ಮೂಲಬೆಲೆಯ ಮಾತು. 1894ರ ಭೂಸ್ವಾಧೀನ ಕಾಯ್ದೆಯಲ್ಲಿ ಮಾರುಕಟ್ಟೆ ಬೆಲೆಯ ಮೇಲೆ ಶೇ 15ರಷ್ಟು ಸಾಂತ್ವನ ಧನ ಇತ್ತು. 1984ರಲ್ಲಿ ಅದು ಶೇ 30 ಆಯಿತು. 2014ರ ಜನವರಿ 1ರಿಂದ ಜಾರಿಯಲ್ಲಿರುವ 2013ರ ಕಾಯ್ದೆ ಅದನ್ನು ಶೇ 100ಕ್ಕೆ ಏರಿಸಿತು, ಗ್ರಾಮೀಣ ಭೂಮಿಗೆ ಒಂದರಿಂದ ಎರಡರ ನಡುವಿನ ಗುಣಕವನ್ನೂ ಕೊಟ್ಟಿತು. ನಾಲ್ಕು ಪಟ್ಟು ಎಂಬ ಮಾತು ಹುಟ್ಟಿದ್ದು ಹೀಗೆ. ಗುಣಿಸುವ ಮೊದಲ ಅಂಕಿಗೆ ಕಾಯ್ದೆ ಎರಡು ಮುಖ್ಯ ಆಧಾರ ಕೊಡುತ್ತದೆ, ಯಾವುದು ಹೆಚ್ಚೋ ಅದು: ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರ, ಇಲ್ಲವೇ ಹಿಂದಿನ ಮೂರು ವರ್ಷಗಳಲ್ಲಿ ಅಕ್ಕಪಕ್ಕ ನೋಂದಣಿಯಾದ ಕ್ರಯಪತ್ರಗಳಲ್ಲಿ ಹೆಚ್ಚಿನ ಬೆಲೆಯವಾದ ಅರ್ಧದಷ್ಟು ಪತ್ರಗಳ ಸರಾಸರಿ. ಕಾಗದದ ಮೇಲೆ ಇದು ಉದಾರವಾಗಿಯೇ ಕಾಣುತ್ತದೆ. ಹಳ್ಳಿಯ ವಾಸ್ತವದಲ್ಲಿ ಎರಡೂ ಆಧಾರಗಳು ಒಂದೇ ಆಗಿಬಿಡುತ್ತವೆ. ಗುಬ್ಬಿ ತಾಲ್ಲೂಕಿನ ಚೇಳೂರಿನಂಥ ಹೋಬಳಿಗಳಲ್ಲಿ ಜಮೀನು ಕೈ ಬದಲಾಯಿಸುವುದು ಹೆಚ್ಚಾಗಿ ವಿಭಾಗದಿಂದ, ಪೌತಿಯಿಂದ. ಮಾರಾಟ ವಿರಳ, ಮಾರಾಟವಾದದ್ದೂ ಮುದ್ರಾಂಕ ಶುಲ್ಕ ಉಳಿಸುವ ಲೆಕ್ಕದಲ್ಲಿ ಮಾರ್ಗಸೂಚಿ ದರಕ್ಕೆ ಹೊಂದಿಸಿ ಬರೆದದ್ದು. ಆ ಮಾರ್ಗಸೂಚಿ ದರವೋ ವರ್ಷಗಟ್ಟಲೆ ಮಿಸುಕಾಡದೆ ನಿಂತು, ರಾಜ್ಯದಲ್ಲಿ 2023ರ ಅಕ್ಟೋಬರ್‌ನಲ್ಲಿ ಒಮ್ಮೆಲೇ ಪರಿಷ್ಕರಣೆಯಾಯಿತು. ಆ ನಡುವೆ ಭೂಮಿ ಕಳೆದುಕೊಂಡವರ ನಾಲ್ಕು ಪಟ್ಟು, ಹಳೆಯ ಅಂಕಿಯ ನಾಲ್ಕು ಪಟ್ಟು.

ಇದರ ವಿಪರೀತ ಹೇಗಿರುತ್ತದೆಂದು ತಿಳಿಯಲು ತುಮಕೂರು ಜಿಲ್ಲೆಯ ಗಡಿಯನ್ನೇ ನೋಡಬಹುದು. ಎತ್ತಿನಹೊಳೆ ಯೋಜನೆಗೆ ಭೈರಗೊಂಡ್ಲುವಿನಲ್ಲಿ ಜಲಾಶಯ ಕಟ್ಟುವ ಯೋಚನೆ ಬಂದಾಗ ಮುಳುಗಡೆಯ ಭೂಮಿ ಕೊರಟಗೆರೆ ಮತ್ತು ದೊಡ್ಡಬಳ್ಳಾಪುರ ಎರಡೂ ತಾಲ್ಲೂಕುಗಳಿಗೆ ಸೇರಿತ್ತು. ನಿಲ್ಲುವ ನೀರು ಒಂದೇ, ನೆಲದ ಗುಣವೂ ಹೆಚ್ಚುಕಡಿಮೆ ಒಂದೇ. ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ ಬದಿಗೆ ಹೆಚ್ಚಿನ ಮಾರ್ಗಸೂಚಿ ದರ, ತುಮಕೂರು ಜಿಲ್ಲೆಗೆ ಸೇರಿದ ಬದಿಗೆ ಕಡಿಮೆ. ಕೊರಟಗೆರೆಯ ರೈತರು ಸಮಾನ ಪರಿಹಾರ ಕೇಳಿದರು, ಯೋಜನೆ ವರ್ಷಗಟ್ಟಲೆ ಕಗ್ಗಂಟಾಯಿತು. ಅವರದು ಅತಿಯಾಸೆಯ ಬೇಡಿಕೆ ಎಂದು ಹೇಳಲು ಸಾಧ್ಯವೇ? ಎರಡು ನೋಂದಣಿ ಕಚೇರಿಗಳ ಪಟ್ಟಿಯ ವ್ಯತ್ಯಾಸ ಒಂದು ಕುಟುಂಬದ ಮುಂದಿನ ಬದುಕನ್ನು ತೀರ್ಮಾನಿಸಬಾರದು. ಯಾವುದೇ ಪ್ರದೇಶದಲ್ಲಿ ಭೂಸ್ವಾಧೀನ ಆರಂಭಿಸುವ ಮುನ್ನ ಅಲ್ಲಿನ ಮಾರುಕಟ್ಟೆ ಬೆಲೆಯನ್ನು ಚಾಲ್ತಿಯ ದರಕ್ಕೆ ಪರಿಷ್ಕರಿಸುವುದು ಜಿಲ್ಲಾಧಿಕಾರಿಯ ಹೊಣೆ ಎಂದು 2013ರ ಕಾಯ್ದೆಯ 26ನೇ ಕಲಮಿನಲ್ಲಿಯೇ ಬರೆದಿದೆ. ಹೊಸ ಕಾನೂನೇನೂ ಬೇಕಾಗಿಲ್ಲ. ಇರುವ ಈ ಮಾತನ್ನು ಅಕ್ಷರಶಃ ಪಾಲಿಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ನೆಲದ ಬೆಲೆಗಿಂತಲೂ ಸೂಕ್ಷ್ಮವಾದದ್ದು ಮರಮಾಲ್ಕಿಯ ಲೆಕ್ಕ. ತೆಂಗು, ಅಡಿಕೆ, ಹುಣಸೆ, ಹಲಸಿನ ಈ ಸೀಮೆಯಲ್ಲಿ ಆದಾಯ ಇರುವುದು ಮರದಲ್ಲಿ. ತೋಟದ ಇಳುವರಿಯನ್ನು ಇಂತಿಷ್ಟು ವರ್ಷಗಳಿಗೆ ಗುಣಿಸಿ ಬೆಲೆ ಕಟ್ಟಿದರೆ ನೆಲಕ್ಕೆ ಬೇರೆ ಬೆಲೆ ಇಲ್ಲ. ನೆಲಕ್ಕೆ ಬೆಲೆ ಕಟ್ಟಿದರೆ ಮರಕ್ಕೆ ಸೌದೆ ನಾಟದ ಬೆಲೆ ಮಾತ್ರ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 1995ರ ಹರಿಯಾಣದ ಪ್ರಕರಣದಲ್ಲಿ ತಳೆಯಿತು, ಎಂಟು ವರ್ಷದ ಗುಣಕ ಸಾಕೆಂದಿತು. ಒಂದೇ ಆಸ್ತಿಗೆ ಎರಡು ಬಾರಿ ಹಣ ಸಲ್ಲಬಾರದೆಂಬ ತರ್ಕ ಸರಿಯೇ. ಆದರೆ ಐವತ್ತು ಅರವತ್ತು ವರ್ಷ ಫಲ ಕೊಡುವ ತೆಂಗಿಗೆ ಎಂಟು ಹತ್ತು ವರ್ಷದ ಲೆಕ್ಕ ಹೇಗೆ ಸಮವಾದೀತು? ಹೊಸ ಸಸಿ ನೆಟ್ಟು ಅದು ಫಸಲಿಗೆ ಬರುವ ತನಕದ ಬರಿಗೈ ವರ್ಷಗಳನ್ನು ಯಾವ ಕಾಲಂನಲ್ಲಿ ಬರೆಯಬೇಕು? ಚೇಳೂರಿನ ಹಲಸು ಇದಕ್ಕೆ ಕಣ್ಣೆದುರಿನ ಸಾಕ್ಷಿ. ಇಲ್ಲಿನ ರೈತರೊಬ್ಬರ ತೋಟದ ಒಂದೇ ಒಂದು ಮರದ ತಾಮ್ರವರ್ಣದ ತೊಳೆಯನ್ನು ಪರೀಕ್ಷಿಸಿ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅದನ್ನು ‘ಸಿದ್ದು’ ತಳಿಯೆಂದು ಗುರುತಿಸಿತು. ಕಸಿ ಗಿಡಗಳ ಮಾರಾಟದ ಆದಾಯದಲ್ಲಿ ಆ ಕುಟುಂಬಕ್ಕೂ ಪಾಲು ದೊರೆಯುವ ಒಪ್ಪಂದವಾಯಿತು. ಹಾಗೆ ಗುರುತಿಸುವ ಮೊದಲು ಆ ಮರ ಯಾವುದೋ ರಸ್ತೆಯ ಅಳತೆಯೊಳಗೆ ಬಿದ್ದಿದ್ದರೆ ಪಂಚನಾಮೆಯಲ್ಲಿ ಅದು ಕೇವಲ ಒಂದು ಹಲಸಿನ ಮರ, ಸುತ್ತಳತೆ ಇಂತಿಷ್ಟು ಎಂದಾಗುತ್ತಿತ್ತು. ಮರಗಳ ಬೆಲೆಗೆ ಅನುಭವಿ ತೋಟಗಾರಿಕೆ ತಜ್ಞರ ನೆರವು ಪಡೆಯಬಹುದೆಂದು ಕಾಯ್ದೆ ಹೇಳುತ್ತದೆ. ತೋಟದ ಸೀಮೆಗಳಲ್ಲಿ ಅದು ಕಡ್ಡಾಯವಾಗಬೇಕು, ಮರದ ಉಳಿದ ಆಯುಸ್ಸೂ ಮರುನಾಟಿಯ ಕಾಲವೂ ಲೆಕ್ಕಕ್ಕೆ ಸೇರಬೇಕು.

ತಾರೀಖಿನ ವಿಷಯ ಇನ್ನೂ ಗಂಭೀರ. ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರ್‌ಗೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) 2003ರ ಜನವರಿಯಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. 2005ರ ನವೆಂಬರ್‌ನಲ್ಲಿ ಗೊಟ್ಟಿಗೆರೆಯ ಕೆಲವು ನಿವೇಶನದಾರರ ಭೂಮಿಯನ್ನು ಸ್ವಾಧೀನಕ್ಕೆ ತೆಗೆದುಕೊಂಡಿತು. ಹಣ ಕೊಡಲಿಲ್ಲ. ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ ಮೇಲೆ 2019ರ ಏಪ್ರಿಲ್ 22ರಂದು ಪರಿಹಾರ ಗೊತ್ತುಮಾಡುವ ಐತೀರ್ಪು ಹೊರಬಿತ್ತು. ಅಧಿಕಾರಿ 2003ರ ಬದಲು 2011ರ ದರವನ್ನು ಹಿಡಿದಿದ್ದರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಜನವರಿ 2ರಂದು ನ್ಯಾಯಮೂರ್ತಿ ಬಿ.ಆರ್. ಗವಾಯಿ ಮತ್ತು ನ್ಯಾಯಮೂರ್ತಿ ಕೆ.ವಿ. ವಿಶ್ವನಾಥನ್ ಅವರ ಪೀಠ 142ನೇ ವಿಧಿಯ ವಿಶೇಷಾಧಿಕಾರ ಬಳಸಿ, 2019ರ ಆ ತಾರೀಖಿನ ಬೆಲೆಯಂತೆಯೇ ಪರಿಹಾರ ಕೊಡಬೇಕೆಂದು ಆದೇಶಿಸಿತು. ವಿಳಂಬಕ್ಕೆ ಭೂಮಾಲೀಕರು ಕಾರಣರಲ್ಲ, ಅಧಿಕಾರಿಗಳ ಜಡತ್ವ ಕಾರಣ ಎಂಬುದು ಅದರ ಅಭಿಪ್ರಾಯವಾಗಿತ್ತು. ನಿವೇಶನದಾರರಿಗೆ ನ್ಯಾಯ ಸಿಕ್ಕಿತು ನಿಜ. ಆದರೆ ಹದಿನಾಲ್ಕು ವರ್ಷದ ಬಾಕಿಗೆ ಸರಿಯಾದ ತಾರೀಖು ಹಾಕಿಸಿಕೊಳ್ಳಲು ದೇಶದ ಅತ್ಯುನ್ನತ ನ್ಯಾಯಾಲಯದ ವಿಶೇಷಾಧಿಕಾರವೇ ಬೇಕಾಯಿತೆಂದರೆ, ಅಲ್ಲಿಯ ತನಕ ಹೋಗಲಾರದ ಸಣ್ಣ ರೈತನ ಗತಿ ಏನು?

ಇಂಥ ವಿಳಂಬಕ್ಕೆ ದಾರಿ ಮಾಡಿಕೊಟ್ಟದ್ದು ಕಾನೂನಿನಲ್ಲಿಯೇ ಇರುವ ಬಿರುಕು. 2013ರ ಕಾಯ್ದೆಯ ಪ್ರಕಾರ ಅಂತಿಮ ಘೋಷಣೆಯಾದ ಹನ್ನೆರಡು ತಿಂಗಳೊಳಗೆ ಐತೀರ್ಪು ಆಗದಿದ್ದರೆ ಪ್ರಕ್ರಿಯೆ ಬಿದ್ದುಹೋಗುತ್ತದೆ, ಪೂರ್ತಿ ಪರಿಹಾರ ಕೊಟ್ಟ ಮೇಲಷ್ಟೇ ಸ್ವಾಧೀನ. ನಿಯಮ ಇಷ್ಟು ಸ್ಪಷ್ಟ. ಆದರೆ ಕೈಗಾರಿಕೆಗೆ ಭೂಮಿ ತೆಗೆದುಕೊಳ್ಳುವುದು 1966ರ ಕೆಐಎಡಿ ಕಾಯ್ದೆಯಡಿ. ಹಳೆಯ ಕಾಯ್ದೆಯಲ್ಲಿದ್ದ ಎರಡು ವರ್ಷದ ಗಡುವು ಕೆಐಎಡಿ ಸ್ವಾಧೀನಕ್ಕೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ, ಇದೇ ಕಾರಿಡಾರ್‌ನ ಇನ್ನೊಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಹೆದ್ದಾರಿಯದು ಇನ್ನೊಂದು ಕಥೆ. ರಾಷ್ಟ್ರೀಯ ಹೆದ್ದಾರಿ ಕಾಯ್ದೆಗೆ 1997ರಲ್ಲಿ ಸೇರಿಸಿದ ಕಲಮು ಸಾಂತ್ವನ ಧನವನ್ನೇ ಇಲ್ಲವಾಗಿಸಿತ್ತು. ಅದು ಸಲ್ಲದೆಂದು ಕರ್ನಾಟಕ ಹೈಕೋರ್ಟ್ 2002ರಲ್ಲಿಯೇ ಹೇಳಿತು. ಸುಪ್ರೀಂ ಕೋರ್ಟ್ ಆ ಕಲಮನ್ನು ತಳ್ಳಿಹಾಕಿದ್ದು 2019ರಲ್ಲಿ, ಹಿಂದಿನವರಿಗೂ ಆ ಲಾಭ ಸಲ್ಲಬೇಕೆಂದು ಖಚಿತಪಡಿಸಿದ್ದು 2025ರ ಫೆಬ್ರುವರಿಯಲ್ಲಿ. ಭೂಮಿ ಕಳೆದುಕೊಳ್ಳುವವನಿಗೆ ಅದು ಯಾವ ಕಾಯ್ದೆಯಡಿ ಹೋಯಿತು ಎಂಬುದರಿಂದ ವ್ಯತ್ಯಾಸವಾಗಬಾರದೆಂದು ಏಳು ನ್ಯಾಯಮೂರ್ತಿಗಳ ಪೀಠ 1972ರಲ್ಲಿಯೇ ನಾಗಪುರದ ಪ್ರಕರಣದಲ್ಲಿ ಸಾರಿತ್ತು. ಅರ್ಧ ಶತಮಾನದ ನಂತರವೂ ನಾಲೆಗೆ ಒಂದು ಕಾಯ್ದೆ, ಕಾರ್ಖಾನೆಗೆ ಒಂದು, ರಸ್ತೆಗೆ ಇನ್ನೊಂದು. ಮೂರರ ಗಡುವು ಮೂರು ಬಗೆ.

ಇಂದಿನ ದರ ಕೊಡುತ್ತ ಹೋದರೆ ಯೋಜನೆಗಳ ವೆಚ್ಚ ಕೈಮೀರುತ್ತದೆ, ಆ ಹೊರೆ ತೆರಿಗೆ ಕಟ್ಟುವ ಎಲ್ಲರ ಮೇಲೂ ಬೀಳುತ್ತದೆ ಎಂಬ ಆಕ್ಷೇಪ ಹಗುರವಾದುದಲ್ಲ. ಎತ್ತಿನಹೊಳೆಯ ಅಂದಾಜು 2012ರಲ್ಲಿ 8,323 ಕೋಟಿ ರೂಪಾಯಿ ಇದ್ದದ್ದು 2023ರ ಹೊತ್ತಿಗೆ 23,251 ಕೋಟಿ ದಾಟಿತು. ಅದಕ್ಕೆ ಭೂಮಿಯ ಬೆಲೆಯೊಂದೇ ಕಾರಣವಲ್ಲ. ತಡವಾದಷ್ಟೂ ಸಿಮೆಂಟು, ಕಬ್ಬಿಣ, ಕೂಲಿ ಎಲ್ಲದರ ಬೆಲೆ ಏರುತ್ತದೆ. ಗುತ್ತಿಗೆದಾರನಿಗೆ ಪರಿಷ್ಕೃತ ಅಂದಾಜಿನ ಪ್ರಕಾರ ಹಣ ಕೊಡುವಾಗ ಏಳದ ಪ್ರಶ್ನೆ ರೈತನ ಸರದಿ ಬಂದಾಗ ಮಾತ್ರ ಏಕೆ ಏಳಬೇಕು? ಇಂದಿನ ದರದ ಹೊರೆ ತಪ್ಪಿಸಿಕೊಳ್ಳುವ ದಾರಿ ಸರ್ಕಾರದ ಕೈಯಲ್ಲಿಯೇ ಇದೆ. ಅಧಿಸೂಚನೆಯಾದ ವರ್ಷದೊಳಗೆ ಹಣ ಸಂದಾಯವಾದರೆ ಆ ಪ್ರಶ್ನೆಯೇ ಬರುವುದಿಲ್ಲ. ಯೋಜನೆಯ ಸುದ್ದಿ ತಿಳಿದು ಮೊದಲೇ ಜಮೀನು ಕೊಂಡ ದಲ್ಲಾಳಿಗಳು ಲಾಭ ಹೊಡೆಯುತ್ತಾರೆಂಬ ಮಾತೂ ಇದೆ. ಅದನ್ನು ತಡೆಯಲು ಅಧಿಸೂಚನೆಯ ನಂತರದ ಪರಭಾರೆಗೆ ಕಾಯ್ದೆಯಲ್ಲಿ ನಿರ್ಬಂಧವಿದೆ, ಮಾರುಕಟ್ಟೆಯನ್ನು ಬಿಂಬಿಸದ ಬೆಲೆಗಳನ್ನು ಕಾರಣ ಬರೆದು ಕೈಬಿಡುವ ಅಧಿಕಾರವೂ ಜಿಲ್ಲಾಧಿಕಾರಿಗಿದೆ. ಕೆಲವರ ಲಾಭಕೋರತನವನ್ನು ತೋರಿಸಿ ಎಲ್ಲರ ಬೆಲೆ ತಗ್ಗಿಸುವುದು ನ್ಯಾಯವಲ್ಲ.

ಅಧಿಕಾರಿಗಳು ಮುಂದಿಡುವ ಇನ್ನೊಂದು ಕಾರಣ ದಾಖಲೆಗಳದು. ಪಹಣಿಯಲ್ಲಿ ತಾತನ ಹೆಸರು, ಅನುಭವದಲ್ಲಿ ಮೊಮ್ಮಕ್ಕಳು, ಪೋಡಿಯಾಗದ ಸರ್ವೆ ನಂಬರ್, ಹೆಣ್ಣುಮಕ್ಕಳ ಪಾಲಿನ ತಕರಾರು. ಹೀಗಿರುವಾಗ ಯಾರಿಗೆ ಚೆಕ್ ಬರೆಯುವುದು? ತೊಂದರೆ ನಿಜವಾದದ್ದೇ. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದಲೇ, ದೇಶದಲ್ಲಿ 2005ರಿಂದ, ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಪರಿಹಾರದ ಹಣ ಬಂದಾಗ ಅವರನ್ನು ಬಿಟ್ಟು ಹಂಚಿಕೊಳ್ಳುವ ಕುಟುಂಬಗಳೂ ಇವೆ. ಆದರೆ ತಕರಾರು ಇದ್ದಲ್ಲಿ ಹಣವನ್ನು ಪ್ರಾಧಿಕಾರದಲ್ಲಿ ಠೇವಣಿ ಇಡಲು ಕಾನೂನು ಅವಕಾಶ ಕೊಟ್ಟಿದೆ. ಅಣ್ಣತಮ್ಮಂದಿರ ಜಗಳ ಸರ್ಕಾರದ ಸಾಲವನ್ನು ಮನ್ನಾ ಮಾಡುವುದಿಲ್ಲ.

ಪರಿಹಾರದ ಲೆಕ್ಕಕ್ಕೇ ಬಾರದವರ ಮಾತು ಬೇರೆಯೇ ಇದೆ. ಗೋಮಾಳ, ಕಾವಲುಗಳಲ್ಲಿ ಬಗರ್‌ಹುಕುಂ ಸಾಗುವಳಿ ಮಾಡಿ ಫಾರಂ 50, 53, 57 ಹಾಕಿ ಕಾಯುತ್ತಿರುವವರು, ಕೂಲಿಯವರು, ಕುರಿ ಮೇಯಿಸುವವರು. ಸರ್ಕಾರಿ ಭೂಮಿಗೆ ಸ್ವಾಧೀನದ ರಗಳೆ ಇಲ್ಲವೆಂಬ ಕಾರಣಕ್ಕೆ ಯೋಜನೆಗಳ ಮೊದಲ ಕಣ್ಣು ಅಂಥ ನೆಲದ ಮೇಲೆ ಬೀಳುತ್ತದೆ. 2013ರ ಕಾಯ್ದೆ ಮೂರು ವರ್ಷದಿಂದ ಆ ಭೂಮಿಯನ್ನೇ ನಂಬಿದ ಕೂಲಿಕಾರರನ್ನೂ ಗೇಣಿದಾರರನ್ನೂ ಬಾಧಿತ ಕುಟುಂಬವೆಂದು ಕರೆಯುತ್ತದೆ. ಅವರನ್ನು ಗುರುತಿಸಬೇಕಾದದ್ದು ಸಾಮಾಜಿಕ ಪರಿಣಾಮದ ಅಧ್ಯಯನ. 2019ರ ರಾಜ್ಯ ತಿದ್ದುಪಡಿ ಹಲವು ಬಗೆಯ ಯೋಜನೆಗಳಿಗೆ ಆ ಅಧ್ಯಯನದಿಂದ ವಿನಾಯಿತಿ ಪಡೆಯುವ ದಾರಿ ತೆರೆಯಿತು. ಶರಾವತಿ ಮುಳುಗಡೆಯ ಸಂತ್ರಸ್ತರು ಅರವತ್ತು ವರ್ಷ ಕಳೆದರೂ ತಮಗೆ ಕೊಟ್ಟ ನೆಲದ ಹಕ್ಕುಪತ್ರಕ್ಕಾಗಿ ಹೋರಾಡುತ್ತಿರುವ ನಾಡಿನಲ್ಲಿ ಇದು ಒಪ್ಪತಕ್ಕ ಹೆಜ್ಜೆಯಲ್ಲ.

ಬಲವಂತವಿಲ್ಲದೆ ದೊಡ್ಡ ಯೋಜನೆ ಆಗುವುದಿಲ್ಲ ಎನ್ನುವವರಿಗೆ ನಮ್ಮ ಜಿಲ್ಲೆಯ ಪಾವಗಡವೇ ಉತ್ತರ. ತಿರುಮಣಿಯ ಸುತ್ತ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯನ್ನು ಸ್ವಾಧೀನಪಡಿಸಿಕೊಳ್ಳದೆ ಗುತ್ತಿಗೆಗೆ ಪಡೆದು 2,050 ಮೆಗಾವಾಟ್‌ನ ಸೌರ ಉದ್ಯಾನ ನಿರ್ಮಾಣವಾಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಪಹಣಿಯಲ್ಲಿ ರೈತನ ಹೆಸರು ಹಾಗೆಯೇ. ಭೂಮಿ ಇಲ್ಲದ ಕೂಲಿಕಾರರಿಗೆ ಅಲ್ಲಿ ಕೆಲಸ ತಪ್ಪಿತೆಂಬ ದೂರು ನ್ಯಾಯವಾದದ್ದು, ಎಲ್ಲ ಯೋಜನೆಗೂ ಗುತ್ತಿಗೆ ಹೊಂದುವುದೂ ಇಲ್ಲ. ಜಲಾಶಯದ ತಳವನ್ನು ಬಾಡಿಗೆಗೆ ಪಡೆಯಲಾಗದು. ಕೃಷ್ಣಾ ಮೇಲ್ದಂಡೆ ಮೂರನೇ ಹಂತದ ಮುಳುಗಡೆಗೆ 2025ರ ಸೆಪ್ಟೆಂಬರ್‌ನಲ್ಲಿ ಸಂಪುಟ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ ಎಂದು ತೀರ್ಮಾನಿಸಿದ್ದು ಇಂಥ ಕಡೆ ಮಾತುಕತೆಯ ದರಕ್ಕೂ ಅವಕಾಶವಿದೆ ಎಂಬುದಕ್ಕೆ ನಿದರ್ಶನ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯದು ಇದಕ್ಕೆ ಎದುರಾದ ಪಾಠ. ಹದಿಮೂರು ಹಳ್ಳಿಗಳ 1,777 ಎಕರೆಗೆ ಕೆಐಎಡಿಬಿ ಹೂಡಿದ ಪ್ರಕ್ರಿಯೆಯ ವಿರುದ್ಧ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅದನ್ನು ಕೈಬಿಡುವುದಾಗಿ ಪ್ರಕಟಿಸಿ, ಒಪ್ಪಿ ಕೊಡುವವರಿಂದ ಮಾತ್ರ ಭೂಮಿ ಕೊಳ್ಳುವುದಾಗಿ ಹೇಳಿದರು. ಒಪ್ಪಿಗೆಯನ್ನು ಮೊದಲೇ ಕೇಳಿದ್ದರೆ ರೈತರ ಆ ವರ್ಷಗಳೂ ಸರ್ಕಾರದ ಆ ವರ್ಷಗಳೂ ಉಳಿಯುತ್ತಿದ್ದವು.

ಆಗಬೇಕಾದದ್ದು ಸ್ಪಷ್ಟವಿದೆ. ಕೆಐಎಡಿ ಕಾಯ್ದೆಗೂ ಐತೀರ್ಪಿನ ಗಡುವು ಬರಬೇಕು, ಹಣ ಕೈಸೇರುವ ಮೊದಲು ಯಾವ ಕಾಯ್ದೆಯಡಿಯೂ ಸ್ವಾಧೀನ ಕೂಡದು, ಗಡುವು ಮೀರಿದರೆ ಸಂದಾಯದ ದಿನದ ಬೆಲೆಯೇ ಆಧಾರ ಎಂದು ವಿಧಾನಸಭೆ ಬರೆದುಕೊಡಬೇಕು. ಗೊಟ್ಟಿಗೆರೆಯವರಿಗೆ 142ನೇ ವಿಧಿಯಿಂದ ದೊರೆತದ್ದು ಗುಬ್ಬಿಯವರಿಗೆ ತಾಲ್ಲೂಕು ಕಚೇರಿಯಲ್ಲಿ ದೊರೆಯುವಂತಾಗಬೇಕು. ಅಲ್ಲಿಯ ತನಕ ಓದುಗರಲ್ಲಿ ಒಂದು ಕೋರಿಕೆ. ಜಮೀನು ಕೊಂಡರೆ ಕೊಟ್ಟ ಬೆಲೆಯನ್ನೇ ಕ್ರಯಪತ್ರದಲ್ಲಿ ಬರೆಸಿ. ಪೌತಿ ಖಾತೆ, ಪೋಡಿ ಮಾಡಿಸಿ, ತೋಟದ ಮರಗಳು ಪಹಣಿಯ ಬೆಳೆ ಕಾಲಂನಲ್ಲಿ ದಾಖಲಾಗಿವೆಯೇ ನೋಡಿ. ಪ್ರಾಥಮಿಕ ಅಧಿಸೂಚನೆ ಬಂದರೆ 2013ರ ಕಾಯ್ದೆಯಡಿ ಆಕ್ಷೇಪಣೆಗೆ 60 ದಿನ ಇದೆ. ಐತೀರ್ಪಿನ ಹಣ ಪಡೆಯುವಾಗ ಪ್ರತಿಭಟನೆಯ ಮೇರೆಗೆ ಪಡೆದಿದ್ದೇನೆಂದು ಬರೆದುಕೊಡಿ. ಐತೀರ್ಪಿನ ದಿನ ನೀವು ಹಾಜರಿದ್ದರೆ ಹೆಚ್ಚುವರಿ ಪರಿಹಾರದ ಅರ್ಜಿಗೆ ಇರುವ ಕಾಲ ಆರೇ ವಾರ.